ಅಟ್ಟ ಸೇರಿದ ಲ್ಯಾಪ್‌ಟಾಪಿಗೆ ಮರುಜೀವ

ಮನೆಯ ಅಟ್ಟಕ್ಕೂ ಒಂದು ಚರಿತ್ರೆ ಇರುತ್ತದೆ. ಒಂದು ಕಾಲಕ್ಕೆ ಅಲ್ಲಿ ಹಿತ್ತಾಳೆಯ ಹಂಡೆ, ತೊಟ್ಟಿಲು, ಹಬ್ಬಕ್ಕಷ್ಟೇ ಕೆಳಗಿಳಿಯುವ ದೊಡ್ಡ ಕಡಾಯಿ ಇರುತ್ತಿದ್ದವು. ಆಮೇಲೆ ರೇಡಿಯೊ, ಟೇಪ್ ರೆಕಾರ್ಡರ್, ಕಪ್ಪು ಬಿಳುಪು ಟಿ.ವಿ. ಒಂದೊಂದಾಗಿ ಹತ್ತಿ ಕುಳಿತವು. ಈಗ ಅವುಗಳ ಪಕ್ಕದಲ್ಲಿ, ದೂಳು ಹಿಡಿದ ಚೀಲದೊಳಗೆ, ಒಂದು ಲ್ಯಾಪ್‌ಟಾಪ್ ಮಲಗಿರುತ್ತದೆ. ಹಿರಿಯ ಮಗ ಎಂಜಿನಿಯರಿಂಗ್ ಓದುವಾಗ ಕೊಂಡದ್ದೋ, ಕಚೇರಿಯವರು ಹಳತಾಯಿತೆಂದು ಅಗ್ಗಕ್ಕೆ ಕೊಟ್ಟದ್ದೋ ಇರಬೇಕು. ಅದು ಕೆಟ್ಟಿದೆ ಎನ್ನುವಂತಿಲ್ಲ. ಗುಂಡಿ ಒತ್ತಿದರೆ ಏಳುತ್ತದೆ. ಆದರೆ ಅದು ಎದ್ದು ಕೂರುವಷ್ಟರಲ್ಲಿ ಹಾಲು ಕಾಯಿಸಿ, ಕಾಫಿ ಬೆರೆಸಿ, ಕುಡಿದು ಮುಗಿಸಬಹುದು.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ಇಂಥ ಲ್ಯಾಪ್‌ಟಾಪ್‌ಗಳೆಲ್ಲ ಅಟ್ಟದಿಂದ ಇಳಿದವು. ಚಿಕ್ಕ ತರಗತಿಗಳ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಕರ್ನಾಟಕ ಸರ್ಕಾರ ಆ ವರ್ಷದ ಜೂನ್‌ನಲ್ಲಿ ಹೇಳಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತಿದ್ದಾಗಲೇ ಮನೆಮನೆಗಳಲ್ಲಿ ಪೋಷಕರು ಹಳೆಯ ಯಂತ್ರದ ಮುಂದೆ ಕುಳಿತು ಪರದಾಡುತ್ತಿದ್ದರು. ಶಾಲೆ ಮುಚ್ಚುವುದಕ್ಕೆ ಎರಡೇ ತಿಂಗಳ ಹಿಂದೆ, 2020ರ ಜನವರಿ 14ರಂದು, ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 7ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿಬಿಟ್ಟಿತ್ತು. ಅಂದರೆ ಅಟ್ಟದಿಂದ ಇಳಿದ ಬಹಳಷ್ಟು ಲ್ಯಾಪ್‌ಟಾಪ್‌ಗಳು ಇಳಿಯುವ ಹೊತ್ತಿಗಾಗಲೇ ಅನಾಥವಾಗಿದ್ದವು.

ಶಾಲೆಗಳು ಮತ್ತೆ ತೆರೆದವು. ಆನ್‌ಲೈನ್ ಕಲಿಕೆ ಮಾತ್ರ ಹೋಗಲಿಲ್ಲ. ದೆಹಲಿಯಲ್ಲಿ ಚಳಿಗಾಲದ ಹೊಗೆಮಂಜು ದಟ್ಟವಾದಾಗ ಮಕ್ಕಳ ಪಾಠ ಮನೆಯ ಪರದೆಗೆ ಬರುವುದುಂಟು. ನಮ್ಮಲ್ಲಿ ಸಂಜೆಯ ಟ್ಯೂಷನ್, ಸಿಇಟಿ ಮತ್ತು ನೀಟ್‌ನ ಅಭ್ಯಾಸ ಪರೀಕ್ಷೆ, ‘ಸ್ವಯಂ’ ಮತ್ತು ಎನ್‌ಪಿಟಿಇಎಲ್‌ನ ಪಾಠಗಳು ಎಲ್ಲವೂ ಪರದೆಯ ಮೇಲೆಯೇ. ಮದರಾಸು ಐಐಟಿ ಮನೆಯಲ್ಲೇ ಕುಳಿತು ಓದಬಹುದಾದ ಪದವಿಯನ್ನೇ ಕೊಡುತ್ತಿದೆ. ಇವನ್ನೆಲ್ಲ ಮೊಬೈಲಿನಲ್ಲೂ ನೋಡಬಹುದು ನಿಜ. ಆದರೆ ನೋಡುವುದು ಬೇರೆ, ಕಲಿಯುವುದು ಬೇರೆ. ಅಂಗೈಯಗಲದ ಪರದೆಯಲ್ಲಿ ರಸಾಯನಶಾಸ್ತ್ರದ ಸಮೀಕರಣ ಓದುತ್ತ, ಅದರ ಮೇಲೆಯೇ ಬೆರಳಾಡಿಸಿ ಉತ್ತರ ಬರೆಯಬೇಕಾದ ಮಗುವಿನ ಕಷ್ಟ ಪಕ್ಕದಲ್ಲಿ ಕುಳಿತವರಿಗೇ ಗೊತ್ತು.

ಹೀಗಿರುವಾಗ 2025ರ ಅಕ್ಟೋಬರ್ 14ರಂದು ಅದೇ ಕಥೆ ಮರುಕಳಿಸಿತು. ಈ ಸಲ ಸರದಿ ವಿಂಡೋಸ್ 10ರದ್ದು. ಬೆಂಬಲ ನಿಂತ ಕಾರಣಕ್ಕೆ ಜಗತ್ತಿನಲ್ಲಿ ಸುಮಾರು 24 ಕೋಟಿ ಗಣಕಗಳು ಕಸದ ರಾಶಿಗೆ ಸೇರಬಹುದೆಂದು ಮಾರುಕಟ್ಟೆ ಅಧ್ಯಯನ ನಡೆಸುವ ಕ್ಯಾನಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಇವುಗಳಲ್ಲಿ ಹೆಚ್ಚಿನವು ಕೆಟ್ಟ ಯಂತ್ರಗಳಲ್ಲ. ಹಾಗಾದರೆ ಅವಕ್ಕೆ ಬಂದಿರುವ ರೋಗವಾದರೂ ಏನು?

ಉಗ್ರಾಣಿ ಬದಲಾದಾಗ

ಮದುವೆ ಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಒಲೆ, ಪಾತ್ರೆ, ದಿನಸಿ ಎಲ್ಲ ಇವೆ; ಅಡುಗೆಯವರೂ ಇದ್ದಾರೆ. ಆದರೂ ಯಾರಿಗೆ ಯಾವ ಒಲೆ, ಯಾವಾಗ ಎಷ್ಟು ಬೇಳೆ, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವ ಒಬ್ಬ ಉಗ್ರಾಣಿ ಬೇಕು. ಗಣಕದೊಳಗೆ ಈ ಕೆಲಸ ಮಾಡುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಪಾಠದ ವಿಡಿಯೊ, ಟೈಪು ಮಾಡುವ ಪುಟ, ಕ್ಯಾಮೆರಾ, ಮೈಕು ಇವೆಲ್ಲ ಅದರ ಅಪ್ಪಣೆ ಇಲ್ಲದೆ ಕದಲವು. ವಿಂಡೋಸ್ ಅಂಥ ಒಬ್ಬ ಉಗ್ರಾಣಿ, ಲಿನಕ್ಸ್ ಇನ್ನೊಬ್ಬ, ಗೂಗಲ್‌ನ ಕ್ರೋಮ್ ಓಎಸ್ ಮತ್ತೊಬ್ಬ.

ಪ್ರತಿ ಹೊಸ ಉಗ್ರಾಣಿಯೂ ಹಿಂದಿನವನಿಗಿಂತ ಹೆಚ್ಚು ಜಾಗ ಕೇಳುತ್ತಾನೆ. ತನ್ನ ಮೇಜು, ತನ್ನ ಲೆಕ್ಕದ ಪುಸ್ತಕ, ತನ್ನ ಸಹಾಯಕರು! ಅಡುಗೆಮನೆ ಮಾತ್ರ ಅಷ್ಟೇ ಇರುತ್ತದೆ. 2013ರಲ್ಲಿ ಚುರುಕಾಗಿದ್ದ ಲ್ಯಾಪ್‌ಟಾಪ್ ಈಗ ತೆವಳುವುದಕ್ಕೆ ಮುಖ್ಯ ಕಾರಣ ಅದಕ್ಕೆ ವಯಸ್ಸಾದದ್ದಲ್ಲ, ಅದರ ತಲೆಯ ಮೇಲೆ ಕುಳಿತವನ ಭಾರ ಹೆಚ್ಚಾದದ್ದು.

‘ಬೆಂಬಲ ನಿಂತಿತು’ ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಆ ದಿನ ರಾತ್ರಿ ಯಂತ್ರವೇನೂ ನಿಂತುಹೋಗುವುದಿಲ್ಲ. ತಂತ್ರಾಂಶದಲ್ಲಿ ಆಗಾಗ ಕಂಡುಬರುವ ಬಿರುಕುಗಳಿಗೆ ಕಂಪನಿ ತೇಪೆ ಕಳಿಸುವುದನ್ನು ನಿಲ್ಲಿಸುತ್ತದೆ, ಅಷ್ಟೆ. ಕನ್ನ ಕೊರೆಯುವವರಿಗೆ ಆ ಬಿರುಕುಗಳು ಗೊತ್ತಿರುತ್ತವೆ. ಅಪ್ಪ ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಮಾಡುವವರಾದರೆ ಇದು ಸಣ್ಣ ಮಾತಲ್ಲ. ಎರಡನೆಯ ಪೆಟ್ಟು ನಿಧಾನವಾಗಿ ಬೀಳುತ್ತದೆ. ಉಳಿದ ತಂತ್ರಾಂಶದವರೂ ಒಬ್ಬೊಬ್ಬರಾಗಿ ಕೈಬಿಡುತ್ತಾರೆ. ಗೂಗಲ್‌ನ ಕ್ರೋಮ್ ಬ್ರೌಸರ್ 2023ರ ಆರಂಭದಲ್ಲಿ ತನ್ನ 109ನೆಯ ಆವೃತ್ತಿಯೊಂದಿಗೆ ವಿಂಡೋಸ್ 7ರ ಸಹವಾಸ ಬಿಟ್ಟಿತು. ಬ್ರೌಸರ್ ಹಳತಾದರೆ ತರಗತಿಯ ಪುಟವೇ ತೆರೆಯದು. ಮಗು ‘ಲಿಂಕ್ ಬರ್ತಿಲ್ಲ’ ಎಂದಾಗ ಮನೆಯವರು ಬೈಯುವುದು ನೆಟ್‌ವರ್ಕನ್ನು!

ನೆಟ್‌ವರ್ಕಿನ ತಪ್ಪೂ ಇರುತ್ತದೆನ್ನಿ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಅನೇಕರು ನೋಡಿದ್ದಾರೆ. ಅಂಥ ಊರಿಗೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ಔಷಧವಲ್ಲ. ಲ್ಯಾಪ್‌ಟಾಪಿಗೆ ಕೈ ಹಾಕುವ ಮೊದಲು ಅದೇ ಕೋಣೆಯಲ್ಲಿ, ಅದೇ ಸಂಪರ್ಕದಲ್ಲಿ ಮೊಬೈಲಿನಿಂದ ತರಗತಿ ತೆರೆದು ನೋಡಬೇಕು. ಮೊಬೈಲಿನಲ್ಲೂ ಚಿತ್ರ ಕತ್ತರಿಸಿ ಕತ್ತರಿಸಿ ಬರುತ್ತಿದ್ದರೆ ರೋಗ ಬೇರೆ ಕಡೆ ಇದೆ.

ಮೊದಲು ಶಾಲೆಯನ್ನು ಕೇಳಿ

ಇಲ್ಲಿ ಹೆಚ್ಚಿನ ಪೋಷಕರು ಮಾಡುವುದು ಅಂಗಡಿಗೆ ಓಡುವ ಕೆಲಸ. ‘ಇದಕ್ಕೆ ಹೊಸ ವಿಂಡೋಸ್ ಹಾಕಿಕೊಡಿ’ ಎನ್ನುತ್ತಾರೆ. ಅಂಗಡಿಯಾತ ಕೆಲವು ನೂರು ರೂಪಾಯಿ ಪಡೆದು ಸಂಜೆಗೆ ಹಾಕಿಕೊಡುತ್ತಾನೆ. ಅದು ಎಷ್ಟೋ ಸಲ ಪರವಾನಗಿ ಇಲ್ಲದ ಕಳ್ಳ ಪ್ರತಿ. ಬೀಗ ಒಡೆಯುವ ಸಾಧನದ ಜೊತೆಗೆ ವೈರಸ್ ಕೂಡ ಒಳಗೆ ಬಂದಿರಬಹುದು. ಮಗುವಿನ ಪಾಠಕ್ಕೆಂದು ತಂದ ಯಂತ್ರದಲ್ಲಿ ಮೊದಲ ಪಾಠವೇ ಕಳ್ಳ ಮಾಲಿನದಾಗುವುದು ಯಾರಿಗೂ ಶೋಭೆಯಲ್ಲ. ಮೇಲಾಗಿ ಹಳೆಯ ಯಂತ್ರ ಆ ಭಾರ ಹೊರಲಾರದೆ ಇನ್ನಷ್ಟು ತೆವಳುತ್ತದೆ.

ಮೊದಲು ಕೇಳಬೇಕಾದದ್ದು ಅಂಗಡಿಯನ್ನಲ್ಲ, ಶಾಲೆಯನ್ನು. ತರಗತಿ ನಡೆಯುವುದು ಯಾವುದರಲ್ಲಿ? ಜೂಮ್, ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್ ಮೂರೂ ಬ್ರೌಸರ್ ಒಳಗೇ ತೆರೆಯುತ್ತವೆ. ಹಾಗಾಗಿ ಪಾಠ ಕೇಳುವುದಕ್ಕೆ ವಿಂಡೋಸೇ ಆಗಬೇಕೆಂದಿಲ್ಲ. ತೊಡಕು ಬರುವುದು ಪರೀಕ್ಷೆಯಲ್ಲಿ. ನಕಲು ತಡೆಯಲು ಬಳಸುವ ‘ಸೇಫ್ ಎಕ್ಸಾಂ ಬ್ರೌಸರ್’ನಂಥ ತಂತ್ರಾಂಶ ವಿಂಡೋಸ್ ಅಥವಾ ಆ್ಯಪಲ್ ಯಂತ್ರಗಳಲ್ಲಷ್ಟೇ ನಡೆಯುತ್ತದೆ. ವಾಣಿಜ್ಯ ವಿದ್ಯಾರ್ಥಿಗಳು ಕಲಿಯುವ ಟ್ಯಾಲಿ ವಿಂಡೋಸ್‌ಗೆಂದೇ ರಚಿತವಾದದ್ದು. ಡಿಪ್ಲೊಮಾದವರ ಆಟೊಕ್ಯಾಡ್ ಕೂಡ ಲಿನಕ್ಸ್‌ನಲ್ಲಿ ಕೂರುವುದಿಲ್ಲ. ಎಂಟನೆಯ ತರಗತಿಯ ಹುಡುಗಿಗೆ ಇವು ಯಾವುವೂ ಬೇಡ, ಬಿ.ಕಾಂ. ಓದುವ ಅವಳ ಅಣ್ಣನಿಗೆ ಬೇಕು. ಒಂದೇ ಮನೆಯಲ್ಲಿ ಒಂದೇ ಯಂತ್ರಕ್ಕೆ ಎರಡು ಉತ್ತರ ಬರಬಹುದು.

ಶಾಲೆಯ ಬಳಿಕ ಯಂತ್ರ. ನೋಡಬೇಕಾದ ಅಂಶಗಳು ಹೆಚ್ಚಿಲ್ಲ. ಅದರ ಪ್ರೊಸೆಸರ್ ಯಾವ ಪೀಳಿಗೆಯದು, 32 ಬಿಟ್‌ನದೋ 64 ಬಿಟ್‌ನದೋ. ರ‍್ಯಾಮ್ ಎಷ್ಟು ಜಿ.ಬಿ.; ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ. ಮೊದಲ ಎರಡು ಸಂಗತಿ ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ಅಥವಾ ‘ಕಂಪ್ಯೂಟರ್’ ಎಂಬ ಚಿಹ್ನೆಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಆರಿಸಿದರೆ ಸಿಗುತ್ತವೆ.

ವಿಂಡೋಸ್ 11 ಹಾಕಬೇಕೆಂದರೆ ಪ್ರವೇಶ ಪರೀಕ್ಷೆ ಕಠಿಣ. 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಜಾಗ ಎಂಬುದು ದೊಡ್ಡ ಮಾತಲ್ಲ. ಆದರೆ ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ಪುಟ್ಟ ಭದ್ರತಾ ವ್ಯವಸ್ಥೆ ಬೇಕು; ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದ್ದೋ ಅದರ ನಂತರದ್ದೋ ಆಗಿರಬೇಕು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬಾಗಿಲಲ್ಲೇ ನಿಲ್ಲುತ್ತವೆ. ಈ ಪರೀಕ್ಷೆಯನ್ನು ಉಪಾಯದಿಂದ ದಾಟಿಸುವವರಿದ್ದಾರೆ. ಹಾಗೆ ಒಳಹೊಕ್ಕ ಯಂತ್ರಕ್ಕೆ ಮುಂದಿನ ತೇಪೆಗಳು ಬರುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10 ಇರುವ ಮನೆಗಳಿಗೆ ಕಂಪನಿ ಭದ್ರತಾ ತೇಪೆಗಳ ಮಟ್ಟಿಗೆ ಒಂದು ವರ್ಷದ ವಾಯಿದೆ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಪ್ರಕಟಿಸಿತು. ಮೈಕ್ರೋಸಾಫ್ಟ್ ಖಾತೆ ತೆರೆದು ಯಂತ್ರದ ಸಿದ್ಧತೆಗಳನ್ನು ಅದಕ್ಕೆ ಜೋಡಿಸಿಕೊಂಡವರಿಗೆ ಅದು ಉಚಿತ, ಬೇಡವೆಂದವರಿಗೆ 30 ಡಾಲರ್. ಇದು ವಾಯಿದೆಯೇ ಹೊರತು ಪರಿಹಾರವಲ್ಲ.

ವಿದ್ಯಾರ್ಥಿಯೊಬ್ಬ ಕಟ್ಟಿದ್ದು

ಹೀಗೆ ಬಾಗಿಲಲ್ಲಿ ನಿಂತ ಯಂತ್ರಗಳಿಗೆ ಇನ್ನೊಂದು ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ತನ್ನ ಗಣಕಕ್ಕಾಗಿ ಬರೆಯತೊಡಗಿದ ಮೂಲ ತಂತ್ರಾಂಶವಿದು. ಆತ ಅದನ್ನು ಎಲ್ಲರಿಗೂ ತೆರೆದಿಟ್ಟ. ಜಗತ್ತಿನಾದ್ಯಂತ ಜನ ಕೈ ಜೋಡಿಸಿದರು. ಆ್ಯಂಡ್ರಾಯ್ಡ್ ಮೊಬೈಲುಗಳ ಒಳಗೆ ಇರುವುದೂ ಲಿನಕ್ಸ್‌ನ ತಿರುಳೇ. ಆದ್ದರಿಂದ ‘ನಮಗೆ ಅದೆಲ್ಲ ಗೊತ್ತಾಗೋಲ್ಲ’ ಎನ್ನುವ ಅಮ್ಮನ ಸೆರಗಿನ ಗಂಟಿನಲ್ಲೂ ಈಗಾಗಲೇ ಲಿನಕ್ಸ್ ಇದ್ದೀತು.

ಇದನ್ನು ಬೇರೆ ಬೇರೆ ಬಳಗಗಳು ಬೇರೆ ಬೇರೆ ಹೆಸರಿನಲ್ಲಿ ಸಿದ್ಧಪಡಿಸಿ ಉಚಿತವಾಗಿ ಹಂಚುತ್ತವೆ. ವಿಂಡೋಸ್ ಬಳಸಿ ಅಭ್ಯಾಸವಾದವರಿಗೆ ಲಿನಕ್ಸ್ ಮಿಂಟ್ ಸುಲಭ. ಅದರಲ್ಲೂ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರ ಬಗೆ ಹಳೆಯ ಯಂತ್ರಕ್ಕೆ ಹೊಂದುತ್ತದೆ. 2 ಜಿ.ಬಿ. ರ‍್ಯಾಮ್ ಇದ್ದರೂ ಅದು ಎದ್ದು ನಿಲ್ಲುತ್ತದೆ, 4 ಜಿ.ಬಿ. ಇದ್ದರೆ ಸುಖ. 2024ರಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರವರೆಗೆ ತೇಪೆಗಳ ಭರವಸೆಯಿದೆ. ಅಂದರೆ ಈಗ ಆರನೆಯ ತರಗತಿಯಲ್ಲಿರುವ ಮಗು ಎಂಟು ದಾಟುವವರೆಗೆ ಚಿಂತೆ ಇಲ್ಲ. ಬರೀ ಬ್ರೌಸರ್ ಸಾಕು, ಬೇರೇನೂ ಬೇಡ ಎನ್ನುವವರಿಗೆ ಗೂಗಲ್ 2022ರಲ್ಲಿ ಬಿಡುಗಡೆ ಮಾಡಿದ ಕ್ರೋಮ್ ಓಎಸ್ ಫ್ಲೆಕ್ಸ್ ಇದೆ. ಅದಕ್ಕೆ 4 ಜಿ.ಬಿ. ರ‍್ಯಾಮ್ ಬೇಕು. ಪ್ಲೇ ಸ್ಟೋರಿನ ಆ್ಯಪ್‌ಗಳು ಅದರಲ್ಲಿ ಬರುವುದಿಲ್ಲ ಎಂಬುದು ಮೊದಲೇ ತಿಳಿದಿರಲಿ.

ಇದೇನು ಪ್ರಯೋಗದ ಮಾತಲ್ಲ. ನೆರೆಯ ಕೇರಳದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಗಣಕಗಳಲ್ಲಿ ಎಷ್ಟೋ ವರ್ಷಗಳಿಂದ ಲಿನಕ್ಸೇ ಇದೆ. ‘ಕೈಟ್’ ಎಂಬ ಅಲ್ಲಿನ ಸರ್ಕಾರಿ ಸಂಸ್ಥೆ ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗೆಂದೇ ಅದನ್ನು ಅಣಿಗೊಳಿಸುತ್ತದೆ. ಗಣಿತಕ್ಕೆ ಜಿಯೊಜೀಬ್ರ, ಚಿತ್ರಕ್ಕೆ ಗಿಂಪ್, ಬರವಣಿಗೆಗೆ ಲಿಬ್ರೆ ಆಫೀಸ್ ಎಲ್ಲ ಅದರೊಳಗೇ ಬರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಅವರ ಗಣಕ ಪಾಠದ ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ತಮಿಳುನಾಡು 2011ರಿಂದ ವಿದ್ಯಾರ್ಥಿಗಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದಾಗ ವಿಂಡೋಸ್ ಜೊತೆಗೆ, ಚೆನ್ನೈನ ಸಿ-ಡ್ಯಾಕ್ ರೂಪಿಸಿದ ‘ಬಾಸ್’ ಎಂಬ ಭಾರತೀಯ ಲಿನಕ್ಸನ್ನೂ ಹಾಕಿಸಿತ್ತು. ಕರ್ನಾಟಕವೂ ಪದವಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್, ಟ್ಯಾಬ್‌ಗಳನ್ನು ಕೊಟ್ಟಿದೆ. ಯಂತ್ರ ಕೊಡುವಾಗ ಸಮಾರಂಭ ನಡೆಯುತ್ತದೆ. ಐದು ವರ್ಷಗಳ ಬಳಿಕ ಅದರ ತಂತ್ರಾಂಶ ಯಾರು ನವೀಕರಿಸುತ್ತಾರೆ ಎಂಬ ಪ್ರಶ್ನೆ ಮಾತ್ರ ಯಾವ ಸರ್ಕಾರದ ಕಡತದಲ್ಲೂ ಸುಲಭಕ್ಕೆ ಸಿಗದು.

ಪೆನ್ ಡ್ರೈವಿನಲ್ಲಿ ಒಂದು ಸಂಜೆ

ಲಿನಕ್ಸ್‌ನ ಒಂದು ದೊಡ್ಡ ಉಪಕಾರವೆಂದರೆ ಹಾಕುವ ಮುನ್ನ ಹಾಕಿ ನೋಡಬಹುದು. 8 ಜಿ.ಬಿ.ಯ ಪೆನ್ ಡ್ರೈವ್ ಒಂದು ಸಾಕು. ಇನ್ನೊಂದು ಗಣಕದಲ್ಲಿ ಮಿಂಟ್‌ನ ಕಡತವನ್ನು ಇಳಿಸಿಕೊಂಡು, ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಪೆನ್ ಡ್ರೈವಿಗೆ ಬರೆಯಬೇಕು. ಬರೆಯುವಾಗ ಅದರಲ್ಲಿದ್ದ ಹಾಡು, ಫೋಟೊ ಅಳಿಸಿಹೋಗುತ್ತವೆ, ಎಚ್ಚರ. ಅದನ್ನು ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಯಂತ್ರ ಏಳುವಾಗ ಎಫ್12 ಅಥವಾ ಎಸ್ಕೇಪ್ ಗುಂಡಿ ಒತ್ತುತ್ತಿದ್ದರೆ ಎಲ್ಲಿಂದ ಏಳಬೇಕು ಎಂದು ಕೇಳುತ್ತದೆ. ಗುಂಡಿ ಯಾವುದೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪೆನ್ ಡ್ರೈವ್ ಆರಿಸಿದರೆ ಒಳಗಿನ ಡಿಸ್ಕನ್ನು ಮುಟ್ಟದೆ ಹೊಸ ವ್ಯವಸ್ಥೆ ಪರದೆಯ ಮೇಲೆ ಬರುತ್ತದೆ. ತುಸು ನಿಧಾನವಿರುತ್ತದೆ, ಪೆನ್ ಡ್ರೈವಿನ ವೇಗ ಅಷ್ಟೇ.

ಈ ಸಂಜೆಯನ್ನು ಅವಸರವಿಲ್ಲದೆ ಕಳೆಯಬೇಕು. ವೈಫೈ ಹಿಡಿಯುತ್ತದೆಯೆ? ಕೆಲವು ಹಳೆಯ ಬ್ರಾಡ್‌ಕಾಂ ವೈಫೈ ಚಿಪ್‌ಗಳು ಹಟ ಮಾಡುತ್ತವೆ. ಅವಕ್ಕೆ ಬೇಕಾದ ಚಾಲಕ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಕ್ಯಾಮೆರಾ, ಮೈಕು, ಸ್ಪೀಕರು ಮೂರನ್ನೂ ನೋಡಿ, ಒಂದು ಮೀಟ್ ತರಗತಿ ತೆರೆದು, ಪಕ್ಕದ ಕೋಣೆಯಿಂದ ಮೊಬೈಲಿನಲ್ಲಿ ಸೇರಿಕೊಂಡು ಮಾತಾಡಬೇಕು. ಮಗುವೇ ಇದನ್ನು ಮಾಡಲಿ. ಅರ್ಧ ಗಂಟೆಯಲ್ಲಿ ಅಪ್ಪನಿಗಿಂತ ಮುಂದೆ ಹೋಗಿರುತ್ತದೆ.

ಒಪ್ಪಿಗೆಯಾಯಿತೆಂದರೆ ಮುಂದಿನದು ನಿಜವಾಗಿಯೂ ಹಾಕುವ ಕೆಲಸ. ಅದಕ್ಕೆ ಮೊದಲು ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹೊರಗೆ ತೆಗೆದಿಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅಜ್ಜಿಯ ಕೊನೆಯ ಫೋಟೊ, ಮದುವೆಯ ವಿಡಿಯೊ, ಜಮೀನಿನ ಕಾಗದದ ಸ್ಕ್ಯಾನ್ ಇವೆಲ್ಲ ಇಂಥ ಯಂತ್ರಗಳ ಮೂಲೆಯಲ್ಲೇ ಇರುತ್ತವೆ. ನಡುವೆ ಒಂದು ಪರದೆ ಬರುತ್ತದೆ: ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇರಲೋ, ಅಥವಾ ಡಿಸ್ಕನ್ನು ಪೂರ್ತಿ ಅಳಿಸಲೋ? ಆ ಒಂದು ಪರದೆಯ ಮುಂದೆ ಕೈ ತಡೆದು, ಎರಡು ಸಲ ಓದಿ ಒತ್ತಬೇಕು. ಬಿ.ಕಾಂ. ಅಣ್ಣ ಇರುವ ಮನೆಗೆ ಮೊದಲನೆಯದು ಸರಿ. ಆದರೆ ಬೆಂಬಲ ನಿಂತ ವಿಂಡೋಸ್‌ನಿಂದ ಅಂತರ್ಜಾಲಕ್ಕೆ ಹೋಗದಿರುವುದು ಕ್ಷೇಮ. ಇನ್ನೊಂದು ಮಾತು ನಮ್ಮ ಊರುಗಳಿಗೇ ಸಂಬಂಧಿಸಿದ್ದು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತೇ ಇರುತ್ತದೆ. ಬರೆಯುವ ಕೆಲಸದ ನಡುವೆ ಕರೆಂಟು ಹೋದರೆ ಯಂತ್ರ ಹಳೆಯದೂ ಇಲ್ಲದೆ ಹೊಸದೂ ಇಲ್ಲದೆ ನಡುನೀರಿನಲ್ಲಿ ನಿಲ್ಲುತ್ತದೆ. ಕರೆಂಟು ಸಾಮಾನ್ಯವಾಗಿ ಹೋಗದ ಹೊತ್ತನ್ನು ನೋಡಿಕೊಳ್ಳಬೇಕು.

ಹಣ ಖರ್ಚು ಮಾಡುವ ಮನಸ್ಸಿದ್ದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು. ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅದರ ಮೇಲೆ ಮುಳ್ಳೊಂದು ಓಡಾಡಿ ಓದುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡಾಡುವುದೂ ಇಲ್ಲ. ಕಾಫಿ ಕುಡಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದ ಆಸುಪಾಸಿನಲ್ಲಿ ಎದ್ದರೆ ಆಶ್ಚರ್ಯವಿಲ್ಲ. ಎರಡನೆಯದು ರ‍್ಯಾಮ್. 2025ರ ಕೊನೆಯಲ್ಲಿ ಇವೆರಡರ ಬೆಲೆಯೂ ಏರಿತು, ಆದ್ದರಿಂದ ವಿಚಾರಿಸಿ ಕೊಳ್ಳಬೇಕು. ಆದರೂ ಮೂವತ್ತು ನಲವತ್ತು ಸಾವಿರದ ಹೊಸ ಲ್ಯಾಪ್‌ಟಾಪಿನ ಮುಂದೆ ಇದು ಸಣ್ಣ ಪಾಲು. ಯೂಟ್ಯೂಬ್ ಪಾಠ ಮುಗ್ಗರಿಸಿದರೆ ಅದಕ್ಕೆ ಖರ್ಚಿಲ್ಲದ ಉಪಾಯವಿದೆ. ಇಂದಿನ ವಿಡಿಯೊಗಳನ್ನು ಕುಗ್ಗಿಸಿ ಕಟ್ಟುವ ಹೊಸ ಬಗೆಯ ಗಂಟನ್ನು ಬಿಚ್ಚುವ ಸೌಲಭ್ಯ ಹಳೆಯ ಚಿಪ್‌ಗಳಲ್ಲಿ ಇಲ್ಲ. ಪ್ರೊಸೆಸರ್ ಒಂದೇ ಎಲ್ಲ ದುಡಿಯಬೇಕಾಗುತ್ತದೆ. ವಿಡಿಯೊದ ಗುಣಮಟ್ಟವನ್ನು 480ಕ್ಕೋ 360ಕ್ಕೋ ಇಳಿಸಿದರೆ ಮೇಷ್ಟರ ಮುಖ ತುಸು ಮಸುಕಾದೀತು, ಮಾತು ನಿಲ್ಲುವುದಿಲ್ಲ.

ಕನ್ನಡ ಹೇಗೆ ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದು. ಗಣಕ ಪರಿಷತ್ತಿನ ಕ-ಗ-ಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನೊಳಗೆ ಸೇರಿಕೊಂಡೇ ಇದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಅಡಿಯಲ್ಲಿ ಕ-ಗ-ಪವನ್ನು ಆರಿಸಿಕೊಂಡರೆ ನುಡಿಯಲ್ಲಿ ಕೈ ಪಳಗಿದವರು ಹಾಗೆಯೇ ಟೈಪು ಮಾಡಬಹುದು. ಗುಬ್ಬಿ, ನವಿಲು ಎಂಬ ಚೆಂದದ ಅಕ್ಷರಗಳೂ ಉಚಿತವಾಗಿ ಸಿಗುತ್ತವೆ. ತೊಂದರೆ ಇರುವುದು ಯೂನಿಕೋಡ್‌ಗೆ ಮೊದಲು ನುಡಿ, ಬರಹಗಳಲ್ಲಿ ಟೈಪು ಮಾಡಿಟ್ಟ ಹಳೆಯ ಕಡತಗಳಿಗೆ. ಅವು ಹೊಸ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಮನೆಯಲ್ಲಿ ಶಿಕ್ಷಕರಿದ್ದು, ವರ್ಷಗಳ ಪ್ರಶ್ನೆಪತ್ರಿಕೆಗಳು ಆ ಯಂತ್ರದಲ್ಲಿದ್ದರೆ ವಿಂಡೋಸ್ ಅಳಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಎಲ್ಲ ಯಂತ್ರಗಳೂ ಉಳಿಯುವುದಿಲ್ಲ. 2009ರ ಸುಮಾರಿಗೆ ಮಾರಾಟವಾದ ಪುಟಾಣಿ ನೆಟ್‌ಬುಕ್‌ಗಳಲ್ಲಿ ಅನೇಕವು 32 ಬಿಟ್‌ನವು, 1 ಜಿ.ಬಿ. ರ‍್ಯಾಮ್‌ನವು. ಕ್ರೋಮ್ ಬ್ರೌಸರ್ 2016ರಲ್ಲೇ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು. 2025ರಲ್ಲಿ ಬಂದ ಡೆಬಿಯನ್ 13 ಕೂಡ ಅಂಥ ಯಂತ್ರಗಳಲ್ಲಿ ಸ್ಥಾಪಿಸಲು ಬರುವಂತೆ ಬರಲಿಲ್ಲ. ವಿಡಿಯೊ ತರಗತಿಗೆ ಅವನ್ನು ನಂಬಿ ಕೂರುವುದು ಮಗುವಿನ ತಾಳ್ಮೆಯನ್ನು ಪರೀಕ್ಷಿಸಿದಂತೆ. ತಳಭಾಗ ಉಬ್ಬಿ, ಟಚ್‌ಪ್ಯಾಡ್ ಮೇಲಕ್ಕೆದ್ದಿರುವ ಲ್ಯಾಪ್‌ಟಾಪ್ ಇನ್ನೂ ಅಪಾಯದ್ದು. ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದು ಅದರ ಅರ್ಥ. ಅದು ಬೆಂಕಿ ಹೊತ್ತಿಕೊಳ್ಳಬಲ್ಲದು. ಚಾರ್ಜಿಗೆ ಹಾಕದೆ, ಚುಚ್ಚದೆ, ತಿಳಿದವರಿಂದ ಬ್ಯಾಟರಿ ತೆಗೆಸಬೇಕು.

ಎಲ್ಲ ಸರಿಯಾಗಿ ಮುಗಿದ ಮೇಲೆಯೂ ತರಗತಿಯ ಪುಟ ತೆರೆಯಲು ಹೋದರೆ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಕೆಂಪು ಎಚ್ಚರಿಕೆ ಬಂದೀತು. ಯಾವ ತಾಣಕ್ಕೆ ಹೋದರೂ ಅದೇ. ಗಾಬರಿಯಾಗುವ ಮೊದಲು ಪರದೆಯ ಮೂಲೆಯಲ್ಲಿರುವ ತಾರೀಖನ್ನು ನೋಡಬೇಕು. ಅಲ್ಲಿ 2009 ಎಂದೋ 2012 ಎಂದೋ ಇದ್ದರೆ ಕಾರಣ ಸಿಕ್ಕಿತು. ಯಂತ್ರ ಆರಿದ್ದಾಗಲೂ ಗಡಿಯಾರ ನಡೆಸುವ ನಾಣ್ಯದಗಲದ ಸೆಲ್ ಒಂದು ಒಳಗಿರುತ್ತದೆ. ಅಟ್ಟದ ಮೇಲಿದ್ದ ವರ್ಷಗಳಲ್ಲಿ ಅದು ಸತ್ತಿರುತ್ತದೆ. ಯಂತ್ರವು ತಾನಿನ್ನೂ ಹಳೆಯ ಕಾಲದಲ್ಲೇ ಇದ್ದೇನೆಂದು ತಿಳಿದು, ಇಂದಿನ ತಾಣಗಳ ಗುರುತುಪತ್ರವನ್ನು ಸುಳ್ಳೆಂದು ತಳ್ಳಿಹಾಕುತ್ತಿರುತ್ತದೆ. ತಾರೀಖನ್ನು ಕೈಯಾರೆ ತಿದ್ದಿದರೆ ಅಂದಿನ ಪಾಠ ನಡೆಯುತ್ತದೆ. ಸಿಆರ್2032 ಎಂಬ ಗುರುತಿನ ಆ ಸೆಲ್ ಎಷ್ಟೋ ಯಂತ್ರಗಳಿಗೆ ಹೊಂದುತ್ತದೆ, ಗಡಿಯಾರದ ಅಂಗಡಿಯಲ್ಲೇ ಸಿಗುತ್ತದೆ.